ಮೂರನೇ ಭಾಗ ನನ್ನ ಬಳಿಯೇ ಇತ್ತು

ಇಲ್ಲ ಎಂದು ನಾನು ಹೇಳಿದ ಪುಸ್ತಕ ನನ್ನ ಹತ್ತಿರ ಇತ್ತು. ಹದಿನಾಲ್ಕು ವರ್ಷ ಇತ್ತು. ಆ ಒಂದು ಸುಳ್ಳಿನಿಂದ ನನ್ನ ವಾರಗಿತ್ತಿ ಲಲಿತ ಗಂಡನ ಮನೆ ಬಿಟ್ಟು ಹೋಗಬೇಕಾಯಿತು. ಒಂದಲ್ಲ — ಎರಡು ಸುಳ್ಳು. ಎರಡನೆಯದನ್ನು ಬರೆಯಲು ಇನ್ನೂ ಸ್ವಲ್ಪ ಧೈರ್ಯ ಬೇಕು. ಬರೆಯುತ್ತೇನೆ.

ಹೋದ ತಿಂಗಳು ಹಿತ್ತಲ ಬಾಗಿಲಲ್ಲಿ ಕುಳಿತು ಹುರುಳಿ ಹಸನು ಮಾಡುತ್ತಿದ್ದೆ. ಪಾವಗಡದ ಬಸ್ಸಿಳಿದು ಮಂಜುಳಾ ಬಂದಳು. ನನ್ನ ಮೈದುನ ರಂಗನಾಥನ ಮಗಳು; ತಾಯಿಯಿಲ್ಲದ ಅವಳನ್ನು ಬೆಳೆಸಿದವಳು ನಾನು. ಮೇಷ್ಟ್ರ ತರಬೇತಿ ಓದುತ್ತಿದ್ದಾಳೆ, ಪಾಠ ಹೇಳುವ ಅಭ್ಯಾಸಕ್ಕೆಂದು ಆ ಕಡೆಯ ಒಂದು ಹಳ್ಳಿ ಶಾಲೆಗೆ ಹಾಕಿದ್ದರು. ಚಪ್ಪಲಿ ಬಿಡುತ್ತಲೇ ಹೇಳಿದಳು.

"ದೊಡ್ಡಮ್ಮ, ಚಿಕ್ಕಮ್ಮ ಸಿಕ್ಕಿದ್ರು."

"ಯಾವ ಚಿಕ್ಕಮ್ಮ?"

"ಎಷ್ಟ್ ಜನ ಇದಾರೆ ನಂಗೆ? ಲಲಿತ ಚಿಕ್ಕಮ್ಮ. ಶಾಲೆ ಪಕ್ಕದಲ್ಲೇ ಬಾಲವಾಡಿ ನಡೆಸ್ತಾರೆ. ನಾನು ಯಾರ ಮಗಳು ಅಂತ ಗೊತ್ತಾದ್ಮೇಲೆ ಕೂರಿಸ್ಕಂಡು ಊಟ ಹಾಕಿದ್ರು. ಹೊರಡೋವಾಗ ಒಂದ್ ಮಾತು ಹೇಳಿ ಕಳಿಸಿದಾರೆ. ಆ ಕಥೆ ಮೂರನೇ ಭಾಗದಲ್ಲಿ ಏನಾಯ್ತು ಅಂತ ನಿಮ್ಮ ದೊಡ್ಡಮ್ಮನ್ನ ಕೇಳು ಅಂದ್ರು. ಏನ್ ದೊಡ್ಡಮ್ಮ ಅದು?"

ಮೊರ ಕೈಯಲ್ಲೇ ನಿಂತಿತು. "ನೆನಪಿಲ್ಲ ಕಣೆ," ಎಂದೆ. ನೋಡಿ, ಹದಿನಾಲ್ಕು ವರ್ಷವಾದ ಮೇಲೂ ಬಾಯಿಗೆ ಮೊದಲು ಬಂದದ್ದು ಅದೇ.

ಈಗ ಮೊದಲಿನಿಂದ ಹೇಳುತ್ತೇನೆ. ಈ ಸಲವಾದರೂ ಕ್ರಮ ತಪ್ಪಿಸುವುದಿಲ್ಲ.

ನಮ್ಮ ಮನೆ ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ. ಯಜಮಾನರೂ ಮೈದುನನೂ ಒಂದೇ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮೈದುನನಿಗೆ ನನ್ನ ಚಿಕ್ಕಮ್ಮನ ಮಗಳು ಶಾಂತಳನ್ನು ತಂದುಕೊಂಡವಳು ನಾನೇ. ಅಕ್ಕತಂಗಿಯರು ಒಂದೇ ಮನೆಯಲ್ಲಿ — ಅದಕ್ಕಿಂತ ಇನ್ನೇನು ಬೇಕು ಅಂದುಕೊಂಡಿದ್ದೆ. ಮಂಜುಳಾಗೆ ಎರಡು ತುಂಬುವಷ್ಟರಲ್ಲಿ ಶಾಂತ ತೀರಿಕೊಂಡಳು. ಮರುವರ್ಷ ಅತ್ತೆ ಪಾವಗಡದ ಕಡೆಯಿಂದ ಲಲಿತಳನ್ನು ತಂದರು.

ಎರಡನೆಯ ಹೆಂಡತಿಯಾಗಿ ಬಂದವಳು ಮೊದಲನೆಯವಳ ಹೆಸರಿನಲ್ಲಿ ಒಂದು ಪುಟ್ಟ ಬೆಳ್ಳಿ ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಸವತಮ್ಮನ ಬಿಲ್ಲೆ ಎನ್ನುತ್ತಾರೆ. ಬೆಳಿಗ್ಗೆ ಎದ್ದು ಮುಖ ತೊಳೆದವಳು ಮೊದಲು ಆ ಬಿಲ್ಲೆಗೆ ಅರಿಶಿನ ಕುಂಕುಮ ಇಟ್ಟು, ಆಮೇಲೆ ತಾನು ಇಟ್ಟುಕೊಳ್ಳಬೇಕು. ಹೊಸ ಸೀರೆ ಬಂದರೂ ಮೊದಲು ಅದಕ್ಕೆ ಸೋಕಿಸಬೇಕು. ಸತ್ತವಳಿಗೆ ಕೊಡುವ ಮರ್ಯಾದೆ ಅದು. ಲಲಿತ ಅದನ್ನು ಮುಖ ಸಿಂಡರಿಸದೆ ಮಾಡುತ್ತಿದ್ದಳು. "ಅಕ್ಕಾ, ನಿಮ್ ಶಾಂತಕ್ಕನಿಗೆ ಇವತ್ತು ಮಲ್ಲಿಗೆ ಹೂವೂ ಆಯ್ತು," ಎಂದು ನಗುತ್ತಿದ್ದಳು. ಒಳ್ಳೆಯ ಹುಡುಗಿ. ಮಾತಿನಲ್ಲಿ ಅರ್ಧ ತೆಲುಗು. ಮಂಜುಳಾ ಆರು ತಿಂಗಳಲ್ಲಿ ಅವಳನ್ನು ಅಮ್ಮ ಎಂದು ಕರೆಯತೊಡಗಿದಳು.

ಅಲ್ಲಿ ನನಗೆ — ಹೇಗೆ ಬರೆಯಲಿ. ನನ್ನ ಶಾಂತಳ ಮಗು, ಶಾಂತಳ ಗಂಡ, ಶಾಂತ ತಿಕ್ಕಿ ಬೆಳಗಿದ ದೀಪದ ಕಂಬ. ಅದರ ಮುಂದೆ ಕೂತು ನಗುವವಳು ಬೇರೆ ಯಾರೋ. ಅವಳು ಒಳ್ಳೆಯವಳಾಗಿದ್ದದ್ದೇ ನನಗೆ ತಡೆಯಲಿಲ್ಲ. ಕೆಟ್ಟವಳಾಗಿದ್ದರೆ ಬೀದಿಯಲ್ಲಿ ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬಹುದಿತ್ತು.

ನನ್ನನ್ನು ಬೀದಿಯವರೆಲ್ಲ ದೈವಭಕ್ತೆ ಎನ್ನುತ್ತಾರೆ. ಸುಳ್ಳಲ್ಲ. ದಿನಾ ಬೆಳಿಗ್ಗೆ ಪಾರಾಯಣ ಮಾಡುತ್ತೇನೆ. ಅಧ್ಯಾಯ ಬಿಡುವುದಿಲ್ಲ, ಹಿಂದೆ ಮುಂದೆ ಮಾಡುವುದಿಲ್ಲ. ಜ್ವರ ಬಂದು ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ ಹಿಡಿಯುತ್ತೇನೆ. ಮಲಗುವ ಮುಂಚೆ ಆ ದಿನ ದೇವರು ಮಾಡಿದ ಮೂರು ಉಪಕಾರ ಎಣಿಸಿ ಕೈಮುಗಿಯುತ್ತೇನೆ. ಹಾಲು ಒಡೆಯಲಿಲ್ಲ, ನಲ್ಲಿಯಲ್ಲಿ ನೀರು ಬಂತು, ಯಜಮಾನರ ಕೆಮ್ಮು ಕಡಿಮೆಯಾಯಿತು — ಇಂಥವೇ.

ಆದರೆ ಮಧ್ಯಾಹ್ನ, ಅತ್ತೆ ಮಲಗಿದ ಮೇಲೆ, ಉಗ್ರಾಣದಲ್ಲಿ ರಾಗಿ ಮೂಟೆಗೆ ಒರಗಿ ನಾನು ದೆವ್ವದ ಕಾದಂಬರಿ ಓದುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಸಿರಾ ಕಡೆಯ ಒಬ್ಬ ಸಾಬರು ಬಾಡಿಗೆಗೆ ಪುಸ್ತಕ ಕೊಡುವ ಪೆಟ್ಟಿಗೆ ಅಂಗಡಿ ಇಟ್ಟಿದ್ದರು. ದೇವಸ್ಥಾನದಿಂದ ಬರುವಾಗ ಹಣ್ಣುಕಾಯಿ ಬುಟ್ಟಿಯಲ್ಲಿ, ತೆಂಗಿನಕಾಯಿ ಹೋಳಿನ ಕೆಳಗೆ, ಟವೆಲ್ಲು ಸುತ್ತಿ ಪುಸ್ತಕ ತರುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ.

ಆಗ ಒಂದು ಕಥೆ ನಾಲ್ಕು ಭಾಗವಾಗಿ ಬಂದಿತ್ತು. ಹಳೇ ಕೋಟೆಮನೆಗೆ ಎರಡನೆಯ ಹೆಂಡತಿಯಾಗಿ ಬರುವ ಹುಡುಗಿ, ಆ ಮನೆಯಲ್ಲಿ ತಿರುಗುವ ಮೊದಲನೆಯವಳ ಆತ್ಮ. ಮೊದಲ ಭಾಗ ಓದಿ ವಾಪಸು ಕೊಟ್ಟೆ. ಹತ್ತು ದಿನ ಊರಿಗೆ ಹೋಗುತ್ತೇನೆಂದು ಸಾಬರು ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಕೊಟ್ಟರು. ಕೊಡುವಾಗ ಹೇಳಿದರು, "ಅಮ್ಮ, ನಂಬರ್ ಪ್ರಕಾರ ಓದ್ಬೇಕು. ಹಿಂದೆ ಮುಂದೆ ಆದ್ರೆ ಕಥೆ ಪೂರಾ ಗಲತ್ ಆಯ್ತದೆ. ಹೆಂಗಸ್ರು ಕೊನೆ ಪುಟ ಮೊದ್ಲು ನೋಡ್ತಾರೆ, ಆಮೇಲೆ ನಂಗೇ ಬೈತಾರೆ."

"ನಾನು ಅಂಥವಳಲ್ಲ," ಎಂದೆ. ನಿಜವೇ, ನನ್ನ ಮಟ್ಟಿಗೆ.

ಎರಡನೆಯ ಭಾಗದಲ್ಲಿ ಆ ಹುಡುಗಿ ಸಂಜೆ ಹಿತ್ತಲಿಗೆ ಹೋದಾಗಲೆಲ್ಲ ಕೊರಳ ಸರವನ್ನು ಯಾರೋ ಹಿಂದಿನಿಂದ ಜಗ್ಗುತ್ತಾರೆ. ದಿನೇ ದಿನೇ ಜೋರಾಗುತ್ತದೆ. ಕೊನೆಯ ಪುಟದಲ್ಲಿ ಸರ ಕುತ್ತಿಗೆಗೆ ಬಿಗಿದು ಅವಳು ಕಿರುಚಿಕೊಂಡು ಬೀಳುತ್ತಾಳೆ. ಅಲ್ಲಿಗೆ ನಿಲ್ಲುತ್ತದೆ. ಮೂರನೆಯದರ ಮೊದಲ ಅಧ್ಯಾಯದಲ್ಲೇ ಬೆಳಕಾಗುತ್ತದೆ — ಅವಳು ಬಿದ್ದ ಜಾಗಕ್ಕಿಂತ ಎರಡು ಹೆಜ್ಜೆ ಮುಂದೆ ಒಂದು ಹಾಳು ಬಾವಿ, ಮೇಲೆ ಗೆದ್ದಲು ತಿಂದ ಹಲಗೆ. ಸತ್ತವಳು ಅಷ್ಟು ದಿನ ಜಗ್ಗಿದ್ದು ಅವಳನ್ನು ಉಳಿಸುವುದಕ್ಕೆ. ಅದನ್ನು ಓದಿ ನಾನು ಉಗ್ರಾಣದಲ್ಲಿ ಕೂತು ಕಣ್ಣೀರು ಹಾಕಿದೆ. ಶಾಂತಳೂ ಹಾಗೆಯೇ ಇದ್ದಾಳು ಅನ್ನಿಸಿತು.

ಅದೇ ಸಂಜೆ ಲಲಿತ ನನ್ನ ಬುಟ್ಟಿಯಲ್ಲಿ ಎರಡನೆಯ ಭಾಗವನ್ನು ಕಂಡಳು.

"ಅಕ್ಕಾ, ಕಾಯಿ ಕೆಳಗೆ ದೆವ್ವ ಮಡಗಿದೀರ," ಎಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. "ಅತ್ತೆಗೆ ಹೇಳಲ್ಲ ಬುಡಿ. ನಂಗೂ ಕೊಡಿ." ತಿರುಗಿಸಿ ನೋಡಿದಳು. "ಇದು ಎರಡನೇದಂತಲ್ಲ. ಮೊದ್ಲಿಂದಾನೇ ಓದ್ಬೇಕಾ?"

ನನಗೆ ಎರಡು ದಾರಿ ಇತ್ತು. ಸಾಬರು ಬರಲಿ, ಮೊದಲನೆಯದನ್ನು ತಂದುಕೊಡುತ್ತೇನೆ ಅನ್ನಬಹುದಿತ್ತು. ಇಲ್ಲವೇ ಎರಡನೆಯದರ ಜೊತೆ ಮೂರನೆಯದನ್ನೂ ಕೈಗಿಡಬಹುದಿತ್ತು. ನಾನು ಹೇಳಿದ್ದು ಇಷ್ಟು — "ಏನಿಲ್ಲ, ಕಥೆ ತಾನೆ. ಯಾವುದನ್ನ ಬೇಕಾದ್ರೂ ಓದ್ಕೋ."

ಒಂದು ಅಧ್ಯಾಯ ತಪ್ಪಿದರೆ ಮತ್ತೆ ಮೊದಲಿನಿಂದ ಹಿಡಿಯುವವಳು ನಾನು. ಆ ಮಾತು ನನ್ನ ಬಾಯಿಂದ ಮರೆವಿನಲ್ಲಿ ಬಂದದ್ದಲ್ಲ. ಸ್ವಲ್ಪ ಹೆದರಲಿ ಅಂತ ಇತ್ತು. ನಗು ಸ್ವಲ್ಪ ಕಡಿಮೆಯಾಗಲಿ, ಸಂಜೆ ದೀಪದ ಮುಂದೆ ಅಷ್ಟು ನಿಶ್ಚಿಂತೆಯಾಗಿ ಕೂರದಿರಲಿ — ಅಷ್ಟೇ ಬಯಸಿದ್ದೆ. ಅಷ್ಟೇ ಅಂತ ಬರೆಯುವಾಗಲೂ ಕೈ ನಿಲ್ಲುತ್ತದೆ.

ಎರಡು ಮಧ್ಯಾಹ್ನದಲ್ಲಿ ಓದಿ ಮುಗಿಸಿ ನನಗೆ ವಾಪಸು ಕೊಟ್ಟಳು. ಮಾರನೆಯ ಸಂಜೆ ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ. ಅದರ ಮಾರನೆಯ ದಿನ ಬೆಳಿಗ್ಗೆ ಬಿಲ್ಲೆಗೆ ಕುಂಕುಮ ಇಡುವಾಗ ಅವಳು ಅದನ್ನು ನೋಡದೆ ಮುಖ ತಿರುಗಿಸಿಕೊಂಡಿದ್ದನ್ನು ಕಂಡೆ.

"ಅಕ್ಕಾ, ನಗಬೇಡಿ. ಕತ್ಲಾದ್ರೆ ಕೊರಳು ಜಗ್ಗಿದಂಗೆ ಆಯ್ತದೆ," ಎಂದಳು. "ಮುಂದೇನಾಯ್ತದೆ ಅದ್ರಲ್ಲಿ? ಮೂರನೇದು ಐತಾ?"

ಮೂರನೆಯದು ದೇವರ ಗೂಡಿನಲ್ಲಿ, ನನ್ನ ಪಾರಾಯಣದ ಪುಸ್ತಕದ ಗಂಟಿನ ಅಡಿಯಲ್ಲಿತ್ತು. ಆ ಗಂಟನ್ನು ನನ್ನ ಹೊರತು ಯಾರೂ ಮುಟ್ಟುವುದಿಲ್ಲ. ಅವಳಿಗೂ ಅದಕ್ಕೂ ನಡುವೆ ನಾಲ್ಕು ಹೆಜ್ಜೆ.

"ಇನ್ನೂ ಬಂದಿಲ್ಲ," ಎಂದೆ.

ಇದು ಮೊದಲನೆಯದು.

ಆ ವಾರವೇ ಮಂಜುಳಾಗೆ ಜ್ವರ ಬಂತು. ಮೂರನೆಯ ದಿನ ಮೈತುಂಬ ಗುಳ್ಳೆ ಎದ್ದವು. ನಮ್ಮಲ್ಲಿ ಅದನ್ನು ಅಮ್ಮ ಎನ್ನುತ್ತೇವೆ. ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ಬಿಟ್ಟು, ಮನೆ ಮಡಿಯಲ್ಲಿರಬೇಕು. ಅಂಗಳದಲ್ಲಿ ಬೇವಿನ ಸೊಪ್ಪಿನ ಮೇಲೆ ಮಗುವನ್ನು ಮಲಗಿಸಿದ್ದೆವು. ಲಲಿತ ಬಗ್ಗಿ ಗಾಳಿ ಬೀಸುವಾಗ ಅವಳ ಕೊರಳ ದಾರ ಈಚೆ ಜಾರಿತು. ತಾಳಿ ಇತ್ತು. ಬಿಲ್ಲೆ ಇರಲಿಲ್ಲ.

"ಎಲ್ಲೇ ಶಾಂತನ ಬಿಲ್ಲೆ?" ಎಂದರು ಅತ್ತೆ.

ಲಲಿತ ಸೆರಗನ್ನು ಕೊರಳಿಗೆ ಎಳೆದುಕೊಂಡು, "ಅರಿಶಿನದ ಡಬ್ಬಿಲಿ ಮಡಗಿದೀನಿ," ಎಂದಳು.

"ಯಾವಾಗಿಂದ?"

"ನಾಕು ದಿನ ಆಯ್ತು."

ಮಗುವಿಗೆ ಜ್ವರ ಬಂದೂ ನಾಲ್ಕು ದಿನ. ಇನ್ನು ಹೇಳಬೇಕೇ. ಪಕ್ಕದ ಮನೆಯ ಗೌರಮ್ಮ ಬೇವು ತಂದವಳು ಅಲ್ಲೇ ನಿಂತಿದ್ದಳು. "ಅಯ್ಯೋ, ಹೆತ್ತ ತಾಯ್ನೇ ಕಿತ್ತು ಡಬ್ಬಿಗಾಕ್ಬುಟ್ಳಲ್ಲ, ಮಗಿಗೆ ಬರ್ದೆ ಇರ್ತದಾ," ಎಂದಳು. ಯಜಮಾನರು ಜಗಲಿಯಿಂದ ಎದ್ದು ಬಂದರು. ಮೈದುನ ಹೆಂಡತಿಯ ಮುಖವನ್ನೇ ನೋಡುತ್ತಿದ್ದ, ಬೈಯಲಿಲ್ಲ. ಅವನು ಬೈಯದೆ ಇದ್ದದ್ದೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು ಅಂತ ಕಾಣುತ್ತದೆ. ಅಳುತ್ತ ನನ್ನ ಕಡೆ ತಿರುಗಿದಳು.

"ಅಕ್ಕನ್ನ ಕೇಳಿ. ಪುಸ್ತಕದಲ್ಲಿ ಅಂಗೇ ಇತ್ತು. ಸತ್ತೋಳು ಕೊರಳು ಬಿಗೀತಾಳೆ. ಅಕ್ಕನೇ ಕೊಟ್ಟಿದ್ದು. ಹೇಳಿ ಅಕ್ಕಾ."

ಎಲ್ಲರೂ ನನ್ನನ್ನು ನೋಡಿದರು. ಕೈಯಲ್ಲಿ ಬೇವಿನ ನೀರಿನ ಬಟ್ಟಲು ಹಿಡಿದು ನಿಂತಿದ್ದೆ. ಹೇಳಿದರೆ — ಉಗ್ರಾಣ, ಬುಟ್ಟಿ, ದೇವರ ಗೂಡು, ಎಲ್ಲ ಹೊರಬೀಳುತ್ತಿತ್ತು. ನಾನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಯಾವ ಪುಸ್ತಕ? ಪಾರಾಯಣ ಬಿಟ್ಟು ನಾನು ಬೇರೆ ಏನು ಓದ್ತೀನಿ?"

ಇದು ಎರಡನೆಯದು.

ಲಲಿತಳ ಬಾಯಿ ಸ್ವಲ್ಪ ತೆರೆದೇ ಇತ್ತು. ನನ್ನನ್ನು ನೋಡಿದ ಆ ನೋಟದಲ್ಲಿ ಸಿಟ್ಟಿರಲಿಲ್ಲ. ತನಗೇ ಏನೋ ಆಗಿದೆಯೇನೋ, ಇಲ್ಲದ ಪುಸ್ತಕವನ್ನು ಓದಿದೆನೇನೋ ಎಂಬಂಥ ಗಲಿಬಿಲಿ ಇತ್ತು. ಅದನ್ನು ನಾನು ಇವತ್ತಿನವರೆಗೆ ಮರೆತಿಲ್ಲ.

ಇವಳಿಗೆ ಗಾಳಿ ಸೋಕಿದೆ ಎಂದರು ಅತ್ತೆ. ಅವಳ ತೌರಿಗೆ ಹೇಳಿ ಕಳಿಸಿದರು. ಅವಳ ಅಣ್ಣ ಬಂದ, "ಏಮಾಯಿಂದಿ ಲಲಿತಾ?" ಎಂದು, ಏನಾಯಿತೆಂದು ತೆಲುಗಿನಲ್ಲಿ ಎರಡು ಸಲ ಕೇಳಿದ. ಒಂದು ತಿಂಗಳು ತೌರಿನಲ್ಲಿರಲಿ, ಸರಿಹೋದ ಮೇಲೆ ಕರೆದುಕೊಂಡು ಬರೋಣ ಎಂದಾಯಿತು. ಮಗು "ಅಮ್ಮಾ" ಎಂದು ಕೂಗುತ್ತಿದ್ದಾಗಲೇ ಬಸ್ಸಿಗೆ ಹೊರಟಳು.

ಎರಡನೆಯ ಭಾಗವನ್ನು ಆ ಸಂಜೆಯೇ ಬಚ್ಚಲ ಒಲೆಗೆ ಹಾಕಿದೆ. ಮೂರನೆಯದು ಪಾರಾಯಣದ ಗಂಟಿನಡಿ ಇತ್ತಲ್ಲ, ಅದನ್ನು ಬೆಂಕಿಗೆ ಹಾಕಲು ಕೈ ಬರಲಿಲ್ಲ. ಆಮೇಲೆ ಟ್ರಂಕಿನ ತಳಕ್ಕೆ ಹೋಯಿತು. ಸಾಬರಿಗೆ ಎರಡೂ ಕಳೆದುಹೋದವು ಎಂದೆ. "ಹೋಗ್ಲಿ ಬುಡಿ ಅಮ್ಮ, ನಿಮ್ಮಂಥೋರು ಸುಳ್ಳು ಹೇಳ್ತಾರಾ," ಎಂದರು ಅವರು.

ಇನ್ನೊಂದು ಇದೆ. ಅದನ್ನೂ ಬರೆದುಬಿಡುತ್ತೇನೆ. ಲಲಿತ ಹೊರಟ ದಿನ ಮಲಗುವ ಮುಂಚೆ ಎಂದಿನಂತೆ ಮೂರು ಉಪಕಾರ ಎಣಿಸಿದೆ. ಮಗುವಿನ ಜ್ವರ ಇಳಿದದ್ದು ಒಂದು. ಗುಳ್ಳೆ ಕಣ್ಣಿಗೆ ಬರದಿದ್ದದ್ದು ಎರಡು. ಮೂರನೆಯದು — ಯಾರೂ ದೇವರ ಗೂಡು ತೆರೆದು ನೋಡಲಿಲ್ಲವಲ್ಲ ಎಂಬುದು. ಅದಕ್ಕೂ ಕೈಮುಗಿದೆ.

ಒಂದು ತಿಂಗಳು ಎಂದದ್ದು ಹದಿನಾಲ್ಕು ವರ್ಷವಾಯಿತು. ಮೈದುನ ಒಂದು ಸಲ ಕರೆತರಲು ಹೋಗಿದ್ದ. "ಆ ಬಿಲ್ಲೆ ಕಟ್ಕೊಂಡೇ ಬರ್ಬೇಕಾ ಅಂತ ಕೇಳಿದ್ಲು ಅತ್ತಿಗೆ, ನಾನೇನು ಹೇಳ್ಲಿ," ಎಂದು ಬರಿಗೈಯಲ್ಲಿ ಬಂದ. ಬಿಲ್ಲೆಯಿಲ್ಲದೆ ಒಳಗೆ ಸೇರಿಸುವುದಿಲ್ಲ ಎಂದು ಅತ್ತೆ ಪಟ್ಟು ಹಿಡಿದರು. ಬಿಲ್ಲೆಯಲ್ಲಿ ಹೆದರುವಂಥದ್ದೇನೂ ಇಲ್ಲ, ಸತ್ತವಳು ಉಳಿಸುವವಳು ಎಂದು ಹೇಳಬಲ್ಲವಳು ನಾನೊಬ್ಬಳೇ. ನಾನು ಮಂಜುಳಾಗೆ ಲಲಿತಳನ್ನು ಚಿಕ್ಕಮ್ಮ ಅನ್ನು, ಅಮ್ಮ ಅನ್ನಬೇಡ ಎಂದು ಕಲಿಸುತ್ತಿದ್ದೆ. ಮೈದುನ ಮತ್ತೆ ಮದುವೆಯಾಗಲಿಲ್ಲ. ಅತ್ತೆ ತೀರಿಕೊಂಡರು. ಮಗು ನನ್ನದಾಯಿತು. ನಾನು ಬಯಸಿದ್ದೆಲ್ಲ ಆಯಿತು ಅನ್ನಬೇಕು.

ಮಂಜುಳಾ ಆ ಮಾತು ತಂದ ಮೇಲೆ ನಾಲ್ಕು ದಿನ ಪಾರಾಯಣಕ್ಕೆ ಕೂತರೂ ಸಾಲು ಮುಂದೆ ಹೋಗಲಿಲ್ಲ. ಐದನೆಯ ದಿನ ದೇವರ ದರ್ಶನಕ್ಕೆ ಹೋಗುತ್ತೇನೆಂದು ಹೇಳಿ ಪಾವಗಡದ ಬಸ್ಸು ಹತ್ತಿದೆ. ಚೀಲದಲ್ಲಿ ಮೂರನೆಯ ಭಾಗ ಇತ್ತು. ಅಂಚಿಗೆಲ್ಲ ಹುಳು ಹಿಡಿದಿತ್ತು.

ಆ ಹಳ್ಳಿಯಲ್ಲಿ ಬಾವಿಕಟ್ಟೆಯ ಹತ್ತಿರ ಒಬ್ಬ ಅಜ್ಜಿ, "ಎವರು ಬೇಕಮ್ಮಾ? ಟೀಚರಮ್ಮನಾ?" ಎಂದು ತಾನೇ ಮುಂದೆ ನಡೆದು ತೋರಿಸಿದಳು. ಲಲಿತ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ಕೂದಲು ನರೆತಿದೆ. ಕೊರಳಲ್ಲಿ ಕರಿಮಣಿ ಇತ್ತು. ನನ್ನನ್ನು ನೋಡಿ, "ಕೂತ್ಕೊಳಿ ಅಕ್ಕಾ, ಇವರದೊಂದು ಮುಗಿಸಿಬಿಡ್ತೀನಿ," ಎಂದಳು. ಮಕ್ಕಳ ಕೈ ಬಾಯಿ ತೊಳೆಸಿ ಬಂದು ಎದುರಿಗೆ ಚಾಪೆಯ ಮೇಲೆ ಕೂತಳು.

ನಾನು ಪುಸ್ತಕ ತೆಗೆದು ಇಟ್ಟೆ. ಬಾವಿ, ಹಲಗೆ, ಜಗ್ಗಿದ ಕೈ — ಎಲ್ಲ ಹೇಳಿದೆ. ನೀನು ಕೇಳಿದ ದಿನವೂ ಇದು ನನ್ನ ಹತ್ತಿರ ಇತ್ತು, ಓದಿಯೂ ಆಗಿತ್ತು ಎಂದೆ.

ಅವಳು ಪುಸ್ತಕ ಮುಟ್ಟಲಿಲ್ಲ.

"ಗೊತ್ತು ಅಕ್ಕಾ," ಎಂದಳು. "ಇಲ್ಲಿಗೆ ಬಂದ ಮಾರನೇ ವರ್ಷ ಪಾವಗಡದಲ್ಲಿ ಸಿಕ್ತು. ಮೊದಲ್ನೇದು ಓದ್ದೆ. ಎರಡ್ನೇದು ಇನ್ನೊಂದು ಸಲ ಓದ್ದೆ. ಆಮೇಲೆ ಮೂರ್ನೇದು. ವರಸೆಯಾಗಿ ಓದಿದ್ರೆ ಅದ್ರಲ್ಲಿ ಹೆದರಿಕೆ ಅಂಬೋದೇ ಇಲ್ಲ. ಸದ್ಯ, ನಂಗೆ ತಲೆ ಕೆಟ್ಟಿಲ್ಲ, ಆ ಪುಸ್ತಕ ನಿಜವಾಗ್ಲೂ ಐತೆ ಅಂತ ಅವತ್ತು ಸಮಾಧಾನ ಆಯ್ತು."

"ಮತ್ತೆ ಮಂಜುಳಾ ಕೈಲಿ ಯಾಕೆ ಕೇಳಿಸ್ದೆ?"

"ನೀವು ಹೇಳ್ತೀರೇನೋ ನೋಡಾಣ ಅಂತ." ಚಾಪೆಯ ಕಡ್ಡಿ ಸರಿಮಾಡುತ್ತ ಕೇಳಿದಳು, "ನಂಗೆ ಹೇಳಿದ್ರಿ, ಸರಿ. ಅವತ್ತು ಅಂಗಳದಲ್ಲಿ ಎಷ್ಟ್ ಜನ ಇದ್ರು ಅಕ್ಕಾ?"

ನಾನು ಕ್ಷಮಿಸು ಎನ್ನಲು ಬಂದಿದ್ದೆ. ಆ ಮಾತಿನ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು. ಅವಳು ಟೀ ಕೊಟ್ಟಳು. ಬಸ್ಸಿನವರೆಗೂ ಬಂದಳು. ಮತ್ತೆ ಬನ್ನಿ ಅನ್ನಲಿಲ್ಲ.

ಅಂಗಳದಲ್ಲಿ ಇದ್ದವರು ಅತ್ತೆ, ಯಜಮಾನರು, ಮೈದುನ, ಗೌರಮ್ಮ, ಸೊಪ್ಪಿನ ಮೇಲೆ ಮಲಗಿದ್ದ ಮಗು. ಅತ್ತೆಗೆ ಹೇಳುವ ಕಾಲ ಮೀರಿತು. ಮೊನ್ನೆ ಭಾನುವಾರ ಮಧ್ಯಾಹ್ನ ಗೌರಮ್ಮನನ್ನೂ ಕರೆದು ಉಳಿದವರೆಲ್ಲರ ಮುಂದೆ, ಅದೇ ಅಂಗಳದಲ್ಲಿ, ಪಾವಗಡದಿಂದ ವಾಪಸು ತಂದಿದ್ದ ಪುಸ್ತಕ ಮುಂದಿಟ್ಟು ಹೇಳಿದೆ. ಎಲ್ಲವನ್ನೂ. ಮೂರನೆಯ ಉಪಕಾರವನ್ನೂ.

ಗೌರಮ್ಮ ಮೊದಲು ಬಾಯಿಬಿಟ್ಟಳು. "ಏನ್ರಮ್ಮ, ನಾವೆಲ್ಲ ನಿಮ್ಮ ಕೈಲಿ ತೀರ್ಥ ಇಸ್ಕಂಡು ಕುಡೀತಿದ್ವಲ್ರಮ್ಮ." ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಬೀದಿಯಾಚೆ ಗೊತ್ತಾಗದವರಿಗೂ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಯಜಮಾನರು ಎದ್ದು ಒಳಗೆ ಹೋದರು. ಮೈದುನ ಪುಸ್ತಕ ಕೈಗೆತ್ತಿಕೊಂಡು ಹುಳು ತಿಂದ ಅಂಚನ್ನು ಬೆರಳಿನಿಂದ ಸವರಿದ. "ಬಿಲ್ಲೆ ಕಟ್ಕೊಂಡೇ ಬರ್ಬೇಕಾ ಅಂತ ಕೇಳಿದ್ಲಲ್ಲ ಅತ್ತಿಗೆ. ಯಾಕೆ ಅಂತ ನಾನು ಕೇಳ್ಲಿಲ್ಲ," ಎಂದ. ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಮಂಜುಳಾ ಕಂಬಕ್ಕೆ ಒರಗಿ ಕೂತಿದ್ದಳು. "ನಾನು ಅವರನ್ನ ಅಮ್ಮ ಅಂತಿದ್ನಾ?" ಎಂದು ಕೇಳಿದಳು.

"ಹೂಂ ಕಣೆ."

ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುವುದು ನನ್ನ ಪದ್ಧತಿ. ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ ತಂದೆ. ಬೇಡ ದೊಡ್ಡಮ್ಮ ಎಂದು ತಾನೇ ಹಚ್ಚಿಕೊಂಡಳು. ಇನ್ನು ರಜೆಗೆ ಎಲ್ಲಿಗೆ ಹೋಗುತ್ತಾಳೋ, ಅದು ಅವಳ ಇಷ್ಟ. ಪಾವಗಡಕ್ಕೆ ಹೋದರೆ ತಡೆಯುವುದಿಲ್ಲ. ಅಲ್ಲಿ ಅವರನ್ನು ಏನೆಂದು ಕರೆಯಬೇಕು ಎಂದು ಹೇಳಿಕೊಡುವುದೂ ಇಲ್ಲ.

ಸಂಜೆ ಪಾತ್ರೆ ಹಾಗೇ ಬಿದ್ದಿದ್ದವು. ಬೂದಿ ತೆಗೆದುಕೊಂಡು ಹೋಗಿ ತಿಕ್ಕಲು ಕೂತೆ.